ನೀರಿಗಿಟ್ಟ ಕಾಲು

ಭಾನುವಾರ ಚರ್ಚಿನಲ್ಲಿ ನನ್ನ ದೀಕ್ಷಾಸ್ನಾನ. ನೋಡಲು ಬರುವುದಿಲ್ಲವೆಂದು ಅವ್ವ ಪಟ್ಟು ಹಿಡಿದಿದ್ದಳು. ಮೈಸೂರಿನಿಂದ ಪರ್ತ್‌ಗೆ ಬಂದಾಗಿನಿಂದ ಅವಳದು ಒಂದೇ ಪ್ರಶ್ನೆ: "ನೀನು ಆ ನೀರಿಗಿಳಿದ್ರೆ ನಿಮ್ಮಪ್ಪನಿಗೆ ಎಡೆ ಇಡೋರ್ಯಾರು ವನಜಾ?"

ಶನಿವಾರ ಮೋರ್ಲಿ ಬಡಾವಣೆಯಲ್ಲಿ ನಮ್ಮ ಕನ್ನಡ ಓದುಬಳಗ. ಅವಳನ್ನೂ ಕರೆದೊಯ್ದೆ. ಅಂದು ಬಳಗದ ವರುಣ ಓದಿದ್ದು ಸಾವಿರದ ಮುನ್ನೂರು ವರ್ಷ ಹಿಂದಿನ ರಾಡ್‌ಬೋಡನ ಕಥೆ. ಉತ್ತರ ಯುರೋಪಿನ ಕಡಲಂಚಿನ ಫ್ರಿಸಿಯಾಕ್ಕೆ ಅವನು ರಾಜ. ಕ್ರೈಸ್ತನಾಗಲೆಂದು ತೊಟ್ಟಿಗೆ ಒಂದು ಕಾಲಿಟ್ಟವನು, "ಸತ್ತ ನನ್ನ ಹಿರಿಯರು ಎಲ್ಲಿದ್ದಾರೆ?" ಎಂದನಂತೆ. ನರಕದಲ್ಲಿ, ಎಂದರಂತೆ ಪಾದ್ರಿ. ರಾಜ ಕಾಲು ಹೊರಗೆ ತೆಗೆದನಂತೆ.

"ರುಣ ಗೊತ್ತಿದ್ದೋನು ಕಣಪ್ಪ" ಎಂದಳು ಅವ್ವ.

ಬಳಗದ ಹಿರಿಯ ಬಾಲಕೃಷ್ಣ ಅಂಕಲ್ ನನ್ನತ್ತ ತಿರುಗಿದರು. "ಕೇಳಿಸ್ಕೊಂಡ್ಯಾ? ಮುಳುಗೋಕೆ ಇಷ್ಟು ದೂರ ಬರ್ಬೇಕಿತ್ತಾ?"

"ನಮ್ಮೂರ ಕೆರೇಲಿ ನೀರು ಮುಟ್ಟೋಕೇ ಬಿಡ್ಲಿಲ್ವಲ್ಲ ಅಂಕಲ್. ಇನ್ನು ಮುಳುಗೋದೆಲ್ಲಿ?"

ಅವರು ಬಿಸ್ಕತ್ತನ್ನು ಟೀಗೆ ಅದ್ದಿದರು. ಆದರೆ ರಾಜನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸಂಜೆಯೇ ಕ್ಯಾನಿಂಗ್ಟನ್‌ನ ನಮ್ಮ ಚರ್ಚಿಗೆ ಹೋದೆ. ಪಾಸ್ಟರ್ ಡೆನಿಸ್ ಕುರ್ಚಿ ಜೋಡಿಸುತ್ತಿದ್ದರು. ಈ ನೆಲದ ಮೂಲನಿವಾಸಿ ನೂಂಗಾರ್ ಜನ ಅವರು.

"ನಮ್ಮಪ್ಪ ಜೀವಮಾನವಿಡೀ ಗುಡಿಯಾಚೆ ನಿಂತು ತಮಟೆ ಬಡಿದ. ಯೇಸುವಿನ ಹೆಸರು ಕೇಳದೇ ಸತ್ತ. ಎಲ್ಲಿದ್ದಾನೆ? ನರಕ ಅಂದ್ರೆ ನಾನೂ ಕಾಲು ತೆಗೀತೀನಿ."

ಡೆನಿಸ್ ಕುರ್ಚಿ ಕೆಳಗಿಟ್ಟರು. "ಮಿಷನರಿಗಳು ಆ ಮಾತು ಹೇಳಿಯೇ ನನ್ನ ಅಜ್ಜಿಯ ಬಾಯಿಂದ ಅವಳ ಭಾಷೆ ಕಿತ್ತುಕೊಂಡರು. ನಾನು ಹೇಳಲ್ಲ. ಅಪ್ಪನನ್ನ ದೇವರ ಕೈಗೆ ಬಿಡಿ, ನೀವು ಮಾತ್ರ ಅವರನ್ನ ಬಿಡಬೇಡಿ."

"ಹಾಗಾದ್ರೆ ಎಡೆ ಇಡಬಹುದಾ?"

"ಅಡುಗೆ ಏನು?"

ಮನೆಗೆ ಬಂದು ಹೇಳಿದೆ. ಮರುದಿನ ನಾನು ನೀರಿಗಿಳಿಯುವಾಗ ಅವ್ವ ಚರ್ಚಿನ ಮೊದಲ ಸಾಲಿನಲ್ಲಿ ಕೂತಿದ್ದಳು.

ಮಧ್ಯಾಹ್ನ ಮನೆಯಲ್ಲಿ ಅಪ್ಪನ ಫೋಟೋದ ಮುಂದೆ ಹೊಸ ಪಂಚೆ, ಮುದ್ದೆ, ಕೋಳಿಸಾರು. ಹಿರಿಯರು ಉಣ್ಣುವಾಗ ಯಾರೂ ನೋಡಬಾರದು. ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಂತೆವು. ಊಟಕ್ಕೆ ಕರೆದಿದ್ದ ಡೆನಿಸ್ ಟೋಪಿ ಕೈಯಲ್ಲಿ ಹಿಡಿದು ಕಸದ ಬಿನ್ನಿನ ಪಕ್ಕ ಬಿಸಿಲಲ್ಲೇ ನಿಂತರು.

"ಹೌ ಲಾಂಗ್, ಅಜ್ಜಿ?" ಎಂದಳು ನನ್ನ ಮಗಳು ತನ್ವಿ.

"ನಿಧಾನಕ್ಕೆ ಉಣ್ಲಿ ಬಿಡೇ."

ಬೇರೆಯವರ ಬಾಗಿಲಾಚೆ ನಿಂತೇ ಬಂದ ಜನ ನಾವು. ಇವತ್ತು ಒಳಗಿದ್ದವನು ಅಪ್ಪ. ಅವನಿಗಾಗಿ ಹೊರಗೆ ಕಾಯುತ್ತಿದ್ದೆ, ನನ್ನ ಕೂದಲಿನ್ನೂ ಒದ್ದೆಯಿತ್ತು. ನನಗೆ ಬೇರೇನೂ ಬೇಕಿರಲಿಲ್ಲ.

ಅವ್ವ ಕೆಮ್ಮಿ, ಕದ ತಟ್ಟಿ ತೆರೆದಳು. ಡೆನಿಸರಿಗೆ ಕನ್ನಡದಲ್ಲೇ ಅಂದಳು: "ಬಾ ಮಗ, ಅವರದ್ದಾಯ್ತು. ಉಣ್ಣು."