ಎರಡು ಇಳಿಸು

ನಾನು ಅವರೆಕಾಳು ಹಿತುಕುತ್ತಿದ್ದೆ. ರಾತ್ರಿ ನೆನೆಹಾಕಿದ ಕಾಳನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಪಾತ್ರೆ ಅರ್ಧ ತುಂಬಿರಬೇಕು, ಅಷ್ಟರಲ್ಲಿ ಮೊಮ್ಮಗಳು ಚೈತ್ರ ಕೆಳಗಿನ ಶೆಡ್ಡಿನಿಂದ ಗ್ರೀಸು ಮೆತ್ತಿದ ಕೈಯಲ್ಲೇ ಬಂದು, ಮೊರದ ಪಕ್ಕದಲ್ಲಿ ಎರಡು ಪುಟ್ಟ ರಟ್ಟಿನ ಡಬ್ಬಿ ಇಟ್ಟಳು.

“ಅಜ್ಜಿ, ಇದ್ರಲ್ಲಿ ಒಂದು ಆರಿಸ್ಬೇಕು. ತಪ್ಪಾದ್ರೆ ಭಾನುವಾರ ತಾತನ ಇಂಜಿನ್ ಹೊಗೆ.”

“ಅವರೆ ಮೇಲೆ ಗ್ರೀಸು ಬಿದ್ರೆ ನೀನೂ ಹೊಗೇನೆ. ಆ ಕಡೆ ಎತ್ತಿಡು.”

ಅವಳು ನಗುತ್ತಾ ಡಬ್ಬಿಗಳನ್ನು ಕಿಟಕಿಗೆ ಏರಿಸಿದಳು. ಎರಡರಲ್ಲೂ ಸ್ಪಾರ್ಕ್ ಪ್ಲಗ್ಗು. ನನ್ನ ಕೈ ಅಲ್ಲೇ ನಿಂತಿತು. ಈ ಮನೆಯಲ್ಲಿ ಪ್ಲಗ್ಗು ಆರಿಸುವ ಮಾತು ಎದ್ದು ಇಪ್ಪತ್ತೈದು ವರ್ಷದ ಮೇಲಾಗಿತ್ತು. ಹಿಂದಿನ ಸಲ ಎದ್ದಾಗ ಒಂದು ಗ್ಯಾರೇಜು ಮುಚ್ಚಿತು, ಅಣ್ಣತಮ್ಮಂದಿರಂತಿದ್ದ ಇಬ್ಬರು ಬೇರೆಯಾದರು.

ಆಗಿನ ಸಾರಕ್ಕಿ ಈಗಿನದಲ್ಲ. ಕೆರೆಯ ಕೆಳಗಿನ ನಮ್ಮ ಹೊಲ ಜೆ.ಪಿ. ನಗರದ ಸೈಟುಗಳಾಗಿ ಹೋದ ಮೇಲೆ ನನ್ನ ಯಜಮಾನರು ಬೈರಣ್ಣ ದನದ ಕೊಟ್ಟಿಗೆಗೆ ಶೀಟು ಹಾಕಿಸಿ ಗ್ಯಾರೇಜು ಮಾಡಿದರು. ಜೊತೆಗಾರ ಮೌನೇಶ, ಸುರಪುರದವನು. ಅವನೂ ಅವನ ಹೆಂಡತಿ ಜಯಶೀಲಾಳೂ ನಮ್ಮ ಹಿತ್ತಲ ಮನೆಯಲ್ಲೇ ಇದ್ದರು. ಅವಳು ರೊಟ್ಟಿ ಬಡಿದರೆ ನಮ್ಮ ಮನೆಗೆ, ನಾನು ಮುದ್ದೆ ತಿರುವಿದರೆ ಅವರ ಮನೆಗೆ. ಹಗಲೆಲ್ಲ ಊರಿನ ಸ್ಕೂಟರು, ಕಾರುಗಳ ರಿಪೇರಿ. ಸಂಜೆ ಆಯಿತೆಂದರೆ ಇಬ್ಬರೂ ತಮ್ಮ ಬಿಳಿ ಎಸ್ಟೀಮ್ ಕಾರಿನ ಬಾನೆಟ್ಟಿನೊಳಗೆ ತಲೆ ತೂರಿಸುತ್ತಿದ್ದರು. ಅದನ್ನು ರೇಸಿಗೆ ಬಿಡುವ ಹುಚ್ಚು. ಬೀದಿಯ ಎಮ್ಮೆಗಳಿಗೂ ಆ ಇಂಜಿನ್ನಿನ ಸದ್ದು ಗುರುತಿತ್ತು. ಬೇರೆ ಗಾಡಿಗೆ ಬೆದರುತ್ತಿದ್ದವು, ಅದಕ್ಕೆ ಮಾತ್ರ ಮೆಲುಕು ನಿಲ್ಲಿಸುತ್ತಿರಲಿಲ್ಲ.

ಆ ವರ್ಷದ ರೇಸಿಗೆ ಯಾರೋ ಮದ್ರಾಸಿನಿಂದ ಜಪಾನಿನ ಪ್ಲಗ್ಗು ತಂದುಕೊಟ್ಟರು. ನಾನು ಕಾಫಿ ತೆಗೆದುಕೊಂಡು ಹೋದಾಗ ಇವರು ಕಾರಿನ ಅಡಿಯಲ್ಲಿ ಮಲಗಿದ್ದರು. ಅಲ್ಲಿಂದಲೇ ಕೂಗಿದರು: “ಮೌನೇಶ, ಎರಡು ಇಳ್ಸು!” ಮೌನೇಶ, “ಆತು, ಇಳಸ್ತೀನಿ ತಗೋ” ಎಂದ. ನನ್ನ ಕಿವಿಯಾರೆ ಕೇಳಿದ ಮಾತು. ರೇಸಿನ ಇಂಜಿನ್ನು ಕೊತಕೊತ ಕಾಯುತ್ತದೆ, ಅದಕ್ಕೆ ಕಾವು ಬೇಗ ಬಿಟ್ಟುಕೊಡುವ ತಣ್ಣನೆಯ ಪ್ಲಗ್ಗು ಬೇಕು. ಅಂಥದ್ದನ್ನು ಹಾಕುವುದಕ್ಕೆ ನಮ್ಮ ಗ್ಯಾರೇಜಿನಲ್ಲಿ ‘ಇಳಿಸು’ ಅನ್ನುತ್ತಿದ್ದರು.

ಮಾರನೆಯ ದಿನ ರೇಸಿನ ನಡುವೆ ಪಿಸ್ಟನ್ನಿಗೆ ತೂತು ಬಿತ್ತು. ಇವರು ಪ್ಲಗ್ಗು ಬಿಚ್ಚಿ, ಬೆಂದು ಬೆಳ್ಳಗಾದ ಅದರ ಪಿಂಗಾಣಿ ಮೂಗನ್ನು ನೋಡಿ, “ಇಳ್ಸು ಅಂದ್ರೆ ಏರ್ಸಿದೀಯಲ್ಲೋ! ಇದು ಬಿಸಿ ಪ್ಲಗ್ಗು” ಎಂದರು.

“ಇಳಿಸೀನೋ ಮಾರಾಯಾ! ನೀ ಹೇಳಿದ್ಹಾಂಗನ ಎರಡು ಇಳಿಸೀನಿ. ಬೇಕಂದ್ರ ಬನಶಂಕರಿ ಗುಡಿಗೆ ನಡಿ, ಆಣಿ ಮಾಡ್ತೀನಿ.”

“ದೇವ್ರ ಮುಂದೆ ಸುಳ್ಳು ಬೇರೆ ಹೇಳ್ತೀಯಾ?”

ಆ ಒಂದು ಮಾತು ಆಡಬಾರದಿತ್ತು. ಮೌನೇಶ ಆ ವಾರವೇ ಸಂಸಾರ ಕಟ್ಟಿಕೊಂಡು ಊರಿಗೆ ಹೊರಟ. ಜಯಶೀಲಾ ಹೋಗುವಾಗ ತನ್ನ ರೊಟ್ಟಿ ಬಡಿಯುವ ಕಲ್ಲನ್ನು ನನ್ನ ಬಾಗಿಲಲ್ಲಿಟ್ಟು ಹೋದಳು. ಇವರು ಆ ನಾಲ್ಕು ಪ್ಲಗ್ಗನ್ನು ಹಾರ್ಲಿಕ್ಸ್ ಬಾಟಲಿಗೆ ಹಾಕಿ ಅಟ್ಟಕ್ಕೆಸೆದರು. ಇಂಜಿನ್ನನ್ನು ಮತ್ತೆ ಕಟ್ಟಿದರೂ ರೇಸಿನ ಹೆಸರೆತ್ತಲಿಲ್ಲ. ಮೌನೇಶನ ಹೆಸರನ್ನಂತೂ ನಾವೂ ಎತ್ತುವಂತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಜಯಶೀಲಾ ಮಗಳ ಮದುವೆಯ ಕಾಗದ ಕಳಿಸಿದಳು. ಆಗ ನಾನು ಜಯನಗರದ ರಾತ್ರಿ ಶಾಲೆಗೆ ಸೇರಿದ್ದೆ. ತಲೆ ನರೆಯಲು ಶುರುವಾದ ಮೇಲೆ ಅ ಆ ಇ ಈ. ಪತ್ರಲೇಖನ ಕಲಿಸುವಾಗ ನಮ್ಮ ಅಲಮೇಲು ಟೀಚರು, “ಸುಮ್ನೆ ಕಲ್ಪಿಸಿಕೊಂಡವರಿಗೆ ಬರೀಬೇಡಿ. ನಿಮಗೆ ನಿಜವಾಗ್ಲೂ ಬೇಕಾದವರಿಗೆ ಬರೀರಿ” ಎಂದರು. ನಾನು ಜಯಶೀಲಾಗೆ ಬರೆದೆ. ಕ್ಷೇಮ ಬರೆದೆ, ಕೆರೆಗೆ ಬೇಲಿ ಹಾಕಿದ್ದು ಬರೆದೆ, ಅವಳ ಕಲ್ಲಿನ ಮೇಲೆ ನಾನು ಬಡಿದ ರೊಟ್ಟಿ ಹರಿದುಹೋಗುವುದನ್ನು ಬರೆದೆ. ಆಮೇಲೆ ಲೇಖನಿ ಮುಂದೆ ಹೋಗಲಿಲ್ಲ. ಬನ್ನಿ ಎಂದು ಕರೆಯಬೇಕೆಂದರೆ ಒಬ್ಬರು ತಪ್ಪು ಒಪ್ಪಬೇಕು. ನನ್ನ ಗಂಡ ಸುಳ್ಳುಗಾರರಲ್ಲ, ಮೌನೇಶನೂ ಅಲ್ಲ. ಯಾರ ತಪ್ಪೆಂದು ಬರೆಯಲಿ? ಟೀಚರು ಕೆಂಪು ಶಾಯಿಯಲ್ಲಿ ‘ಮುಕ್ತಾಯವಿಲ್ಲ’ ಎಂದು ಬರೆದು ಕೊಟ್ಟರು. ಆಮೇಲೆ ನನ್ನ ಯಜಮಾನರು ತೀರಿಕೊಂಡರು. ಕಾಗದ ಹಾಗೆಯೇ ಸೀರೆಗಳ ಅಡಿಯಲ್ಲಿ ಉಳಿಯಿತು.

ಈಗ ಚೈತ್ರ ಅದೇ ಎಸ್ಟೀಮಿಗೆ ಜೀವ ಕೊಟ್ಟಿದ್ದಾಳೆ. ಡಿಕ್ಕಿಯಲ್ಲಿ ಒಂದು ನೀಲಿ ಸಿಲಿಂಡರು ಕೂರಿಸಿದ್ದಾಳೆ. ಊರಾಚೆ ಹಳೆಯ ರನ್‌ವೇಯೊಂದರಲ್ಲಿ ಭಾನುವಾರ ಡ್ರ್ಯಾಗ್ ಪಂದ್ಯವಂತೆ, ಇಬ್ಬಿಬ್ಬರು ಜೊತೆಯಾಗಿ ನೇರಕ್ಕೆ ಓಡಿಸುವುದು.

“ನೈಟ್ರಸ್ ಅಜ್ಜಿ ಅದು. ನಗೋ ಗ್ಯಾಸು ಅಂತಾರಲ್ಲ, ಅದೇ.”

“ಕಾರು ನಗುತ್ತೇನೇ?”

“ನಾನ್ ನಗ್ತೀನಿ, ಗೆದ್ರೆ. ಬಟನ್ ಒತ್ತಿದ್ ತಕ್ಷಣ ಇಂಜಿನ್‌ಗೆ ಉಸಿರು ಜಾಸ್ತಿ ಸಿಗುತ್ತೆ, ಪೆಟ್ರೋಲ್ ಜಾಸ್ತಿ ಉರಿಯುತ್ತೆ. ಕಾವು ವಿಪರೀತ. ಮಾಮೂಲಿ ಪ್ಲಗ್ ತುದಿ ಕೆಂಡ ಆಗಿಬಿಟ್ಟು, ಕಿಡಿ ಬರೋಕ್ ಮುಂಚೇನೇ ಬೆಂಕಿ ಹಚ್ಚುತ್ತೆ. ಆಮೇಲೆ ಪಿಸ್ಟನ್ ಗೋವಿಂದ.”

“ಗೊತ್ತು ಬಿಡು. ನೋಡಿದೀನಿ.”

“ಅದಕ್ಕೇ ತಣ್ಣಗಿಂದು ಹಾಕ್ಬೇಕು. ತೀರಾ ತಣ್ಣಗಾದ್ರೂ ಕಷ್ಟ, ಗ್ಯಾಸ್ ಬಿಡದೆ ಓಡ್ಸುವಾಗ ಮಸಿ ಕಟ್ಟುತ್ತೆ. ಕಂಪನಿ ಹೇಳಿರೋದು ಆರು. ಒಂದು ಏರ್ಸಿ ಏಳು ಹಾಕ್ಲಾ, ಎರಡು ಏರ್ಸಿ ಎಂಟು ಹಾಕ್ಲಾ, ಅದೇ ತಲೆನೋವು. ಎರಡು ಏರ್ಸಿಬಿಡೋಣ ಅನ್ಸುತ್ತೆ.”

ಅವರೆಯ ಪಾತ್ರೆ ನನ್ನ ಮಡಿಲಿಂದ ಜಾರಿತು.

“ಏರ್ಸ್ಬೇಡ ಕಣೇ! ಇಳ್ಸು! ನಿಮ್ಮ ತಾತ ಇಳ್ಸು ಅಂತಿದ್ರು. ಏರ್ಸಿದ್ರೆ ಬಿಸಿ ಆಗುತ್ತೆ, ಇಂಜಿನ್ನು ಹೋಗುತ್ತೆ, ಇನ್ನೊಂದ್ಸಲ ನನ್ ಕೈಲಿ ನೋಡಕ್ಕಾಗಲ್ಲ!”

ಚೈತ್ರ ಪಾತ್ರೆ ಎತ್ತಿಟ್ಟು ನನ್ನೆದುರು ಕುಕ್ಕರಗಾಲಲ್ಲಿ ಕುಳಿತಳು. “ಅಜ್ಜಿ, ನಿಧಾನ. ತಾತ ಹಾಕ್ತಿದ್ದಿದ್ದು ನಮ್ಮ ಕಡೆ ಪ್ಲಗ್ಗು ಅಲ್ವಾ? ಅದರಲ್ಲಿ ನಂಬರ್ ಇಳಿದ್ರೆ ತಣ್ಣಗೆ. ಇದು ಜಪಾನ್‌ದು. ಇವರ ಲೆಕ್ಕ ಉಲ್ಟಾ. ನಂಬರ್ ಏರಿದ್ರೇನೇ ತಣ್ಣಗೆ.”

“ಇನ್ನೊಂದ್ಸಲ ಹೇಳು.”

ಅವಳು ಇನ್ನೊಂದು ಸಲ ಹೇಳಿದಳು. ಬೇಸರವಿಲ್ಲದೆ ಮೂರನೆಯ ಸಲವೂ ಹೇಳಿದಳು.

“ಅಟ್ಟ ಹತ್ತು. ಹಾರ್ಲಿಕ್ಸ್ ಬಾಟ್ಲಿ ಇದೆ, ತಗೊಂಬಾ.”

ಮುಚ್ಚಳ ತುಕ್ಕು ಹಿಡಿದು ಕೂತಿತ್ತು, ಬಾಗಿಲ ಸಂದಿಗೆ ಸಿಕ್ಕಿಸಿ ತಿರುಗಿಸಿದಳು. ಪ್ಲಗ್ಗೊಂದನ್ನು ಸೆರಗಿನಿಂದ ಒರೆಸಿ ಬೆಳಕಿಗೆ ಹಿಡಿದೆ. ಜಪಾನಿನದೇ. ಬಿಳಿ ಪಿಂಗಾಣಿಯ ಮೇಲೆ ಹಸಿರು ಅಕ್ಷರ, ನಡುವೆ ಒಂದು ಅಂಕಿ. ನಾಲ್ಕು.

“ಆರಕ್ಕೆ ಎರಡು ಇಳಿಸಿದ್ರೆ ನಾಲ್ಕು” ಎಂದಳು ಚೈತ್ರ. ಆಮೇಲೆ ಮೆಲ್ಲಗೆ, “ಇದು ಪಕ್ಕಾ ಬಿಸಿ ಪ್ಲಗ್ಗು ಅಜ್ಜಿ. ಯಾರು ಹಾಕಿದ್ದು?”

ನಾನು ಆ ಅಂಕಿಯನ್ನು ಇನ್ನೊಮ್ಮೆ ನೋಡಿದೆ. ಇವರು ಇಳಿಸು ಎಂದದ್ದು ಕಾವನ್ನು. ಮೌನೇಶ ಇಳಿಸಿದ್ದು ನಂಬರನ್ನು. ಅಲ್ಲಿಯವರೆಗೆ ನಮ್ಮ ಗ್ಯಾರೇಜಿನಲ್ಲಿ ಅವೆರಡೂ ಒಂದೇ ಆಗಿದ್ದವು. ಬೇರೆಯಾಗಬಹುದೆಂದು ಯಾರಿಗೆ ಗೊತ್ತು? ಇವರು ಪ್ಲಗ್ಗಿನ ಮೂಗು ನೋಡಿದರು, ಅದರ ಬೆನ್ನ ಮೇಲಿನ ಅಂಕಿ ನೋಡಲಿಲ್ಲ. ಮೌನೇಶ ಅಂಕಿ ನೋಡಿದ್ದ, ಆಣೆಗೂ ಸಿದ್ಧನಿದ್ದ. ಇಬ್ಬರೂ ನಿಜ ಹೇಳುತ್ತಲೇ ಜಗಳವಾಡಿದ್ದರು.

ಚೈತ್ರಳಿಗೆ ಎಲ್ಲ ಹೇಳಿದೆ. “ಈಗ್ಲೇ ಅವರನ್ನ ಫೇಸ್‌ಬುಕ್ಕಲ್ಲಿ ಹುಡುಕ್ಲಾ?” ಎಂದು ಫೋನು ತೆಗೆದಳು.

“ಬೇಡ. ಕಾಗದ ಶುರು ಮಾಡಿದೀನಿ, ಅದನ್ನೇ ಮುಗಿಸ್ತೀನಿ. ಭಾನುವಾರ ಆಗ್ಲಿ. ನಿನ್ನ ಎಂಟು ನಂಬರ್ ತಣ್ಣಗಿದ್ದದ್ದು ಕಣ್ಣಾರೆ ನೋಡಿ ಬರೀತೀನಿ. ಈ ಸಲ ಬಾಯಿ ಮಾತು ನಂಬಿ ಬರೆಯಲ್ಲ.”

“ಅಂದ್ರೆ ನನ್ನನ್ನ ನಂಬಲ್ವಾ?”

“ನಿಮ್ಮ ತಾತನ್ನೂ ನಂಬಿದ್ದೆ ಕಣೇ.”

ಸಂಜೆ ಶೆಡ್ಡಿಗಿಳಿದೆ. ಎಷ್ಟೋ ಕಾಲದ ಮೇಲೆ ಅಲ್ಲಿ ಪೆಟ್ರೋಲು, ರಬ್ಬರು, ಬೆವರಿನ ವಾಸನೆ ಒಟ್ಟಾಗಿ ಬಂತು. ಚೈತ್ರ ಎಂಟರ ಡಬ್ಬಿ ಬಿಚ್ಚಿದಳು. ಗಿಡ್ಡ ಮೂಗಿನ ಪ್ಲಗ್ಗು. ತುದಿಯ ಸಂದನ್ನು ತೆಳುವಾದ ತಗಡಿನಿಂದ ಅಳೆದು ಮಾಮೂಲಿಗಿಂತ ಕಿರಿದು ಮಾಡಿದಳು. ಇಲ್ಲದಿದ್ದರೆ ಆ ಗ್ಯಾಸಿನ ಒತ್ತಡಕ್ಕೆ ಕಿಡಿ ಆರಿಹೋಗುತ್ತದಂತೆ. ನಾನು ಟಾರ್ಚು ಹಿಡಿದೆ. ಇವರು ಕೆಲಸ ಮಾಡುವಾಗಲೂ ಹಿಡಿಯುತ್ತಿದ್ದೆ. “ಬೆಳಕು ಅಲ್ಲಾಡಿಸ್ಬೇಡ್ವೇ” ಎಂದು ರೇಗುತ್ತಿದ್ದರು. ಇವಳು ರೇಗಲಿಲ್ಲ. ಇಂಜಿನ್ನು ಶುರುವಾದಾಗ ಬೀದಿಯಲ್ಲಿ ಆ ಸದ್ದಿನ ಗುರುತು ಹಿಡಿಯಲು ಎಮ್ಮೆಗಳಿರಲಿಲ್ಲ, ಮೂರನೇ ಮಹಡಿಯ ಬಾಡಿಗೆಯವರು ಕಿಟಕಿ ಮುಚ್ಚಿಕೊಂಡರು.

ಭಾನುವಾರ ಸಂಜೆ ಚೈತ್ರ ಮೆಟ್ಟಿಲಲ್ಲೇ ಕೂಗಿಕೊಂಡು ಬಂದಳು. “ಎರಡನೇ ಸುತ್ತಲ್ಲಿ ಸೋತೆ ಅಜ್ಜಿ! ಆದ್ರೆ ಇಂಜಿನ್ ಸಖತ್!” ನನ್ನ ಅಂಗೈಗೆ ಪ್ಲಗ್ಗು ಇಟ್ಟಳು. ತಿರುಗಿಸಿ ನೋಡಿದೆ. ಪಿಂಗಾಣಿ ಎಲ್ಲೂ ಗುಳ್ಳೆ ಎದ್ದಿರಲಿಲ್ಲ, ತುದಿ ಕರಗಿರಲಿಲ್ಲ. ಹಾಲು ಜಾಸ್ತಿ ಬಿದ್ದ ಕಾಫಿಯ ಬಣ್ಣ. ಬೆನ್ನಿನಲ್ಲಿ ಎಂಟು.

ಹಳೆಯ ಕಾಗದ ತೆಗೆದೆ. ಕೆಂಪು ಶಾಯಿ ಮಾಸಿತ್ತು. ಅದರ ಕೆಳಗೆ ಬರೆದೆ: “ಜಯಶೀಲಾ, ಮೌನೇಶ ಇಳಿಸಿದ್ದು ನಿಜ. ನಮ್ಮವರು ಇಳಿಸು ಅಂದದ್ದೂ ನಿಜ. ಆ ಜಪಾನಿನ ಪ್ಲಗ್ಗಿನ ಲೆಕ್ಕ ಉಲ್ಟಾ ಇತ್ತು. ಒಂದು ಕಳಿಸಿದ್ದೇನೆ, ಮೌನೇಶನೇ ನಂಬರು ನೋಡಲಿ. ಇವರಿದ್ದಿದ್ದರೆ ಸುರಪುರಕ್ಕೇ ಬಂದು ತಪ್ಪಾಯ್ತು ಅನ್ನುತ್ತಿದ್ದರು. ಇವರ ಬದಲು ನಾನು ಅನ್ನುತ್ತಿದ್ದೇನೆ. ನಿನ್ನ ಕಲ್ಲು ಇನ್ನೂ ಇಲ್ಲೇ ಇದೆ. ಕಾರೂ ಓಡುತ್ತಿದೆ. ಇಬ್ಬರೂ ಬನ್ನಿ.”

ಮಾರನೆಯ ಬೆಳಿಗ್ಗೆ ಚೈತ್ರ ನನ್ನನ್ನು ಎಸ್ಟೀಮಿನಲ್ಲೇ ಜೆ.ಪಿ. ನಗರದ ಅಂಚೆ ಕಚೇರಿಗೆ ಕರೆದೊಯ್ದಳು. ಸಾರಕ್ಕಿ ಸಿಗ್ನಲ್ಲಿನಲ್ಲಿ ಆಟೋದವನೊಬ್ಬ ಬಗ್ಗಿ ನೋಡಿ, “ಏನ್ ಗುರು ಸೌಂಡು!” ಎಂದ. ಕೌಂಟರಿನಾಕೆ ದಪ್ಪ ಲಕೋಟೆಯನ್ನು ಕೈಯಲ್ಲಿ ತೂಗಿದಳು.

“ಒಳಗೇನಿದೆ ಅಮ್ಮ, ಗಟ್ಟಿಗಿದೆ?”

“ಒಂದು ಸುಟ್ಟೋಗಿರೋ ಪ್ಲಗ್ಗು. ಒಂದು ಕಾಗದ.”

ಅವಳು ನನ್ನ ಮುಖ ನೋಡಿದಳು, ಚೈತ್ರಳ ಮುಖ ನೋಡಿದಳು. “ಸ್ಪೀಡ್ ಪೋಸ್ಟಾ?”

“ಹೂಂನಮ್ಮ” ಎಂದೆ. “ಮೊದಲೇ ತಡ ಆಗಿದೆ.”

ಅವಳು ಚೀಟಿ ಅಂಟಿಸಿ, ಲಕೋಟೆಯನ್ನು ಹಿಂದಿನ ಚೀಲಕ್ಕೆ ಹಾಕಿದಳು. ಪ್ಲಗ್ಗು ಒಳಗೆ ಯಾವುದಕ್ಕೋ ತಾಗಿ ಟಣ್ ಎಂದಿತು.