ಗುಳಿಗೆ ಬಿಟ್ಟ ವರ್ಷ

ಕಿಣ್ಣಿ ಸುಲ್ತಾನದ ಬಸವಂತರಾಯ ಎತ್ತಿನ ಬಾಯಿ ತೆರೆಸಿ ಹಲ್ಲು ನೋಡಿ, ಬೆನ್ನಿನ ಮೇಲೆ ಅಂಗೈ ಆಡಿಸಿ ‘ತೊಗೋ’ ಅಂದನೆಂದರೆ ಮುಗಿಯಿತು, ಆಳಂದ ತಾಲೂಕಿನಲ್ಲಿ ಆ ಎತ್ತಿನ ಬಗ್ಗೆ ಎರಡನೇ ಮಾತಿರಲಿಲ್ಲ. ದನದ ಬಜಾರಕ್ಕೆ ಹೊರಟವರು ಅವನನ್ನು ಬಂಡಿಯಲ್ಲಿ ಕೂರಿಸಿಕೊಂಡೇ ಹೋಗುತ್ತಿದ್ದರು. ದೊಡ್ಡ ರುಮಾಲು, ಅದಕ್ಕಿಂತ ದೊಡ್ಡ ದನಿ. ಮದುವೆಯಾಗಿ ಬಂದ ಹೊಸದರಲ್ಲಿ ಗುರುಬಾಯಿ, ಈ ಮನುಷ್ಯ ಎತ್ತುಗಳ ಜೊತೆ ಆಡಿದಷ್ಟು ಮಾತು ನನ್ನ ಜೊತೆ ಆಡುವುದಿಲ್ಲವಲ್ಲ ಎಂದು ಕಣ್ಣೀರು ಹಾಕಿದ್ದಳು. ಎತ್ತಿನ ಮೈ ಉಜ್ಜುತ್ತ ಅವನು ಹೇಳುತ್ತಿದ್ದುದೆಲ್ಲ ಒಲೆಯ ಮುಂದೆ ಕೂತ ತನಗೆ ಕೇಳಲೆಂದೇ ಎಂಬುದು ಅವಳಿಗೆ ತಿಳಿದದ್ದು ತಡವಾಗಿ.

ಅಂಥವನು ಎಂಬತ್ತಮೂರನೇ ಇಸವಿಯ ಬೇಸಿಗೆಯಲ್ಲಿ ಸುಮ್ಮನಾದ. ಕಾರಣವೆಂಬುದೇ ಇರಲಿಲ್ಲ. ಮನೆಯಲ್ಲಿ ಸಾವಿಲ್ಲ, ಹೊಲದಲ್ಲಿ ತೊಗರಿ ಚೆನ್ನಾಗಿಯೇ ಬಂದಿತ್ತು, ಒಬ್ಬಳೇ ಮಗಳು ಗಂಗಾಬಾಯಿಯನ್ನು ಜೇವರ್ಗಿಗೆ ಕೊಟ್ಟು ವರ್ಷವಾಗಿರಲಿಲ್ಲ, ಅವಳೂ ಸುಖವಾಗಿದ್ದಳು. ಆದರೂ ಅವನು ಪಡಸಾಲೆಯ ಕಂಬಕ್ಕೆ ಒರಗಿ ಕೂತರೆ ಹೊತ್ತು ಮುಳುಗಿದರೂ ಏಳುತ್ತಿರಲಿಲ್ಲ. ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದವನು ಅದನ್ನು ತಟ್ಟೆಯಲ್ಲೇ ಮರೆಯುತ್ತಿದ್ದ. ನಗುವಿಲ್ಲ, ಸಿಟ್ಟೂ ಇಲ್ಲ. ಪಕ್ಕದ ಮನೆಯ ಬೀರಣ್ಣ ಹೊಸ ಹೋರಿಯನ್ನು ತಂದು ಅಂಗಳದಲ್ಲಿ ನಿಲ್ಲಿಸಿದಾಗ ಅದರ ಕಡೆ ಸರಿಯಾಗಿ ನೋಡದೆಯೇ “ಛಲೋ ಅದ ಬಿಡು” ಅಂದ. ಅಂದು ಗುರುಬಾಯಿಗೆ ನಿಜವಾಗಿ ಹೆದರಿಕೆಯಾಯಿತು.

ಹರಕೆ ತಾಯಿತಗಳೆಲ್ಲ ಆದ ಮೇಲೆ ಅವಳು ಅವನನ್ನು ಕಲಬುರಗಿಗೆ, ಮನಸ್ಸಿನ ಕಾಯಿಲೆ ನೋಡುವ ಡಾಕ್ಟರ್ ಮೆಹರಾಜಬೇಗಂ ಹತ್ತಿರ ಕರೆದೊಯ್ದಳು. ರಾತ್ರಿ ಊಟವಾದ ಮೇಲೆ ಮೂರು ಗುಳಿಗೆ ಎಂದು ಡಾಕ್ಟರು ಬರೆದುಕೊಟ್ಟರು. ಕೆಲವು ವಾರ ಏನೂ ಕಾಣಲಿಲ್ಲ. ಆಮೇಲೊಂದು ದಿನ ಊಟಕ್ಕೆ ಕೂತವನು “ಬ್ಯಾಳ್ಯಾಗ ಉಪ್ಪ ಹಾಕೋದು ಮರತೇನು?” ಎಂದು ಗದರಿದ. ಗುರುಬಾಯಿ ಉಪ್ಪು ತರುವ ನೆಪದಲ್ಲಿ ಒಳಗೆ ಹೋಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು, ಸಂತೋಷಕ್ಕೆ.

ಮುಂದಿನ ವರ್ಷದ ದೀಪಾವಳಿಯ ಹೊತ್ತಿಗೆ ಅವನು ಪೂರ್ತಿ ಮೊದಲಿನಂತಾಗಿದ್ದ. ಮಗಳು ಬಸುರಿಯಾಗಿದ್ದಳು. ಬೀಗರು ಕುಬಸ, ಅಂದರೆ ಸೀಮಂತ, ಇಟ್ಟುಕೊಂಡಿದ್ದರು. ಗಂಡ ಹೆಂಡತಿ ಜೇವರ್ಗಿಗೆ ಹೋದರು. ರಾತ್ರಿ ಊಟವಾದ ಮೇಲೆ ಹೆಂಗಸರೆಲ್ಲ ಒಳಗೆ ಮಗಳಿಗೆ ಬಳೆ ತೊಡಿಸುವ ಸಡಗರದಲ್ಲಿದ್ದಾಗ, ಹೊರಗೆ ಬೀಗ ಶಾಂತಲಿಂಗಪ್ಪ ಬಸವಂತರಾಯನ ಕೈಯಲ್ಲಿ ಗುಳಿಗೆ ಕಂಡ.

“ಎದರ ಗುಳಿಗಿರಿ ಬೀಗರ ಇವು?”

“ಮನಸಿಗೆ ಆರಾಮಿರಲಿಲ್ಲರಿ. ಡಾಕ್ಟರು ಕೊಟ್ಟಾರ.”

“ಅಯ್ಯ, ನಿಮ್ಮಂಥ ಗಟ್ಟಿ ಗಂಡಸು ಅದನ್ನ ನುಂಗೋದೇನ್ರಿ? ಅದು ಚಟಾ ಹಚ್ಚತದ. ಒಮ್ಮಿ ಹತ್ತಿದ್ರ ಸಾಯೋತನ ಬಿಡಂಗಿಲ್ಲ.”

ಶಾಂತಲಿಂಗಪ್ಪ ಒಳ್ಳೆಯ ಮನುಷ್ಯ, ಒಳ್ಳೆಯದಾಗಲೆಂದೇ ಹೇಳಿದ್ದ. ಬಸವಂತರಾಯ ನಕ್ಕು ಮಾತು ಮರೆಸಿದ. ಆದರೆ ಅಂದು ಗುಳಿಗೆ ನುಂಗಲಿಲ್ಲ, ಮರುದಿನವೂ ನುಂಗಲಿಲ್ಲ. ಹೆಂಡತಿಗೆ ಹೇಳಲೂ ಇಲ್ಲ.

ಊರಿಗೆ ಬಂದ ಮೇಲೆ ಶುರುವಾಯಿತು. ನೆಗಡಿ ಬಂದವನಂತೆ ಮೂಗು ಸೋರತೊಡಗಿತು. ಬೆಳಗ್ಗೆ ಏಳುವ ಹೊತ್ತಿಗೆ ಹೊದ್ದ ಕೌದಿಯೆಲ್ಲ ಬೆವರಿಗೆ ತೊಯ್ದಿರುತ್ತಿತ್ತು. ತಿಂದದ್ದು ನಿಲ್ಲುತ್ತಿರಲಿಲ್ಲ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಕಣ್ಣು ಮುಚ್ಚಿದರೆ ಬಾವಿಗೆ ಬಿದ್ದಂಥ ಕನಸು. ಬೀರಣ್ಣನ ಹೆಂಡತಿ ನಿಂಬೆವ್ವ “ಜೇವರ್ಗ್ಯಾಗ ಯಾರದರೆ ದೃಷ್ಟಿ ಆಗೇದಬೇ” ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ಹೋದಳು.

ಗುರುಬಾಯಿಯ ಹೆದರಿಕೆಯೇ ಬೇರೆ. ಅದೇ ತಿರುಗಿ ಬಂತು, ಮತ್ತೆ ಕಂಬಕ್ಕೆ ಒರಗಿ ಕೂರುವ ದಿನ ಬಂದವು ಎಂದುಕೊಂಡಳು. ನಾಲ್ಕನೇ ದಿನ ಗಂಜಿ ಕಾಯಿಸಿ ಕೊಟ್ಟಳು. ಒಂದು ಗುಟುಕು ಕುಡಿದವನು ಬಟ್ಟಲನ್ನು ಅಂಗಳಕ್ಕೆ ಎಸೆದ.

“ಇದು ಗಂಜೀನೋ, ಎತ್ತಿನ ಕಲಗಚ್ಚೋ?”

ಬಟ್ಟಲು ಉರುಳಿ ನಿಂತಿತು. ಅವನೇ ಬೆಚ್ಚಿದವನಂತೆ ತನ್ನ ಕೈ ನೋಡಿಕೊಂಡ. ಅಷ್ಟರಲ್ಲಿ ಕಣ್ಣು ತುಂಬಿ ಬಂದವು. “ಏನಾಗೇದಬೇ ನಂಗ? ನಿನ್ನ ಮ್ಯಾಲ ಕೈ ಬೀಸಿದಂಗಾತಲ್ಲ” ಎಂದು ಮಗುವಿನಂತೆ ಅತ್ತ.

ಗುರುಬಾಯಿ ಅವನ ಪಕ್ಕದಲ್ಲಿ ಕೂತಳು. ಬೆನ್ನು ಸವರುತ್ತಿದ್ದಂತೆ ಅವಳಿಗೆ ಒಂದು ಸಂಗತಿ ಹೊಳೆಯಿತು. ಸುಮ್ಮನಾಗಿದ್ದ ಆ ವರ್ಷ ಈ ಮನುಷ್ಯ ಒಂದು ದಿನವಾದರೂ ಸಿಟ್ಟಾಗಿದ್ದನೇ? ಅತ್ತಿದ್ದನೇ? ಗಂಜಿ ಹೇಗಿದೆ ಎಂದು ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಎಲ್ಲವೂ ಹೆಚ್ಚಾಗಿ ಗೊತ್ತಾಗುತ್ತಿದೆ. ಇದು ಆ ಕಾಯಿಲೆಯಲ್ಲ, ಬೇರೇನೋ.

“ಒಂದ ಮಾತ ಕೇಳ್ತೇನಿ, ಖರೇ ಹೇಳ್ರಿ. ಗುಳಿಗಿ ತೊಗೊಳಾಕತ್ತೀರಿಲ್ಲೋ?”

ಅವನು ಎತ್ತುಗಳ ಕಡೆ ಮುಖ ತಿರುಗಿಸಿದ. “ಬಿಟ್ಟೇನಿ.”

“ಯಾವಾಗ?”

“ಜೇವರ್ಗ್ಯಾಗ. ಆರಾಮ ಆಗೇನಲ್ಲಬೇ. ಆರಾಮಾದ ಮನುಷ್ಯಾ ಔಷಧ ಯಾಕ ನುಂಗಬೇಕು?”

ಗುರುಬಾಯಿಗೆ ಬೈಯಲು ಮನಸ್ಸಾಗಲಿಲ್ಲ. “ಅದನ್ನ ಡಾಕ್ಟರಿಗೇ ಕೇಳೂಣು, ನಡೀರಿ” ಎಂದಳು.

ಮೆಹರಾಜಬೇಗಂ ಎಲ್ಲವನ್ನೂ ಕೇಳಿದರು. ನಾಡಿ ನೋಡಿದರು, ರಕ್ತದ ಒತ್ತಡ ನೋಡಿದರು. ಆಮೇಲೆ ಗುರುಬಾಯಿಯ ಕಡೆ ತಿರುಗಿ, “ಆಗಿಂದಕ್ಕೂ ಈಗಿಂದಕ್ಕೂ ನಿಮಗ ಏನ್ ಫರಕ್ ಕಾಣ್ತದ?” ಎಂದರು.

“ಆಗ ಮನಿಯೊಳಗ ಇದ್ರೂ ಇಲ್ಲದಂಗ ಇದ್ರು. ಈಗ ಮನಿ ತುಂಬ ಇವರ ಆಗ್ಯಾರರಿ.”

ಡಾಕ್ಟರು ನಕ್ಕರು. “ಹಳೇ ಬ್ಯಾನಿ ಅಲ್ಲ ಅಂತ ನಂಗೂ ಅನಸ್ತದ. ಗುಳಿಗಿ ಬಿಟ್ಟ ಮೂರ್ನಾಕ ದಿನಕ್ಕ ಇದು ಬಂತು, ಮೈಗೇ ಮೊದಲು ಬಂತು. ಇಷ್ಟ ದಿನ ಶರೀರ ಗುಳಿಗಿಗೆ ಹೊಂದಿಕೊಂಡಿತ್ತು. ಒಮ್ಮೆಲೇ ನಿಲ್ಲಿಸಿದ್ರಿ, ಅದು ಗಾಬರಿ ಆತು.”

“ಅಂದ್ರ ಚಟಾ ಹತ್ತೇದಂದಂಗಾತು” ಎಂದ ಬಸವಂತರಾಯ.

“ಚಟಾ ಅಂದ್ರ ಇನ್ನೂ ಬೇಕು, ಇನ್ನೂ ಬೇಕು ಅನ್ನಸೋದು. ನಿಮಗ ಹಂಗ ಅನಸ್ತದೇನು?”

“ಇಲ್ಲವ್ವಾ. ಅದನ್ನ ನೋಡಿದ್ರ ಸಿಟ್ಟ ಬರ್ತದ.”

“ಮತ್ತ? ಬಿಡಬೇಕನ್ನೋ ವಿಚಾರ ತಪ್ಪಲ್ಲ. ಆರಾಮಾಗಿ ಭಾಳ ದಿನ ಆತು, ಬಿಡಲಿಕ್ಕೆ ಬರ್ತದ. ಆದ್ರ ಹಿಂಗಲ್ಲ. ಮೊದಲು ಹಳೇ ಲೆಕ್ಕಕ್ಕ ತಿರುಗಿ ಬರ್ರಿ, ಮೈ ಸಮಾಧಾನ ಆಗಲಿ. ಆಮ್ಯಾಲ ಒಂದು ಕಡಿಮಿ ಮಾಡೂಣು. ಅದು ಒಗ್ಗಿದ ಮ್ಯಾಲ ಇನ್ನೊಂದು. ಕಡೀಕ ಬಂದಂಗ ಇನ್ನೂ ಸಣ್ಣ ಸಣ್ಣದಾಗಿ ಇಳೀಬೇಕು.”

“ಈ ತ್ರಾಸು ಎಷ್ಟ ದಿನ ಇರ್ತದರಿ?” ಗುರುಬಾಯಿ ಕೇಳಿದಳು. ದಾರಿಯುದ್ದಕ್ಕೂ ಅವಳ ನಾಲಿಗೆಯ ಮೇಲಿದ್ದದ್ದು ಅದೊಂದೇ.

“ಒಬ್ಬರಿಗೆ ಎಂಟ ಹದಿನೈದು ದಿನ. ಒಬ್ಬರಿಗೆ ತಿಂಗಳಾನುಗಟ್ಟಲೆ. ಇವರಿಗೆ ಇಷ್ಟ ಅಂತ ಈಗ ಹೇಳಿದ್ರ ಸುಳ್ಳ ಹೇಳಿದಂಗ ಆಗ್ತದ. ಇವರ ಮೈ ಹೇಳಿದಂಗ ನಾವು ಕೇಳೂಣು.” ಆಮೇಲೆ ದನಿ ತಗ್ಗಿಸಿ, “ಒಂದು ಮಾತ್ರ ಲಕ್ಷ್ಯ ಇಡ್ರಿ. ಮತ್ತ ಸುಮ್ಮಾಗಿ ಕುಂತ್ರ, ಊಟ ಬ್ಯಾಡಂದ್ರ, ಬದುಕೋದು ಬ್ಯಾಸರಾಗೇದ ಅಂದ್ರ, ಆಗ ಒಂದ ದಿನಾನೂ ಕಾಯಬ್ಯಾಡ್ರಿ, ಅವತ್ತೇ ಕರಕೊಂಡ ಬರ್ರಿ” ಎಂದರು.

ಗುಳಿಗೆ ತಿರುಗಿ ಶುರು ಮಾಡಿದ ಮೇಲೆ ಕೆಲವೇ ದಿನಗಳಲ್ಲಿ ಬೆವರು, ವಾಂತಿ ನಿಂತವು. ಅದನ್ನು ಕಂಡು ಬಸವಂತರಾಯನಿಗೆ ಖುಷಿಗಿಂತ ಅವಮಾನವೇ ಹೆಚ್ಚಾಯಿತು. “ಇಷ್ಟಗಲ ಎದಿ ಇಟಗೊಂಡು ಇಷ್ಟ ಸಣ್ಣ ಗುಳಿಗಿಗೆ ಸೋತೆ” ಎಂದ.

“ಸೋತಿಲ್ಲ, ಅವಸರ ಮಾಡೀರಿ. ಹೊಸಾ ಹೋರಿಗೆ ಒಂದ ದಿನದಾಗ ನೊಗ ಕಲಸ್ತೀರೇನು?” ಎಂದಳು ಗುರುಬಾಯಿ. ಅವನು ನಕ್ಕು, ಎತ್ತುಗಳಿಗೆ ನೀರು ಕುಡಿಸಲು ಎದ್ದ.

ಮೊದಲ ಗುಳಿಗೆ ಬಿಟ್ಟದ್ದು ಚಳಿಗಾಲದಲ್ಲಿ. ನಾಲ್ಕಾರು ದಿನ ನಿದ್ದೆ ಕೆಟ್ಟಿತು, ಅಷ್ಟೇ. ಇಷ್ಟು ಸುಲಭವೇ ಎಂದುಕೊಂಡು ಎರಡನೆಯದನ್ನು ಬೇಗನೇ ಬಿಡಬೇಕೆಂದ. ಡಾಕ್ಟರು ತೊಗರಿ ರಾಶಿ ಮುಗಿಯುವವರೆಗೆ ಒಪ್ಪಲಿಲ್ಲ. ಬಿಟ್ಟಾಗ ಏಕೆಂದು ಗೊತ್ತಾಯಿತು. ಹೊಟ್ಟೆ ತೊಳಸುವುದು ಶುರುವಾಯಿತು, ನಿದ್ದೆ ಹರಿದುಹೋಯಿತು, ಎಲ್ಲಕ್ಕಿಂತ ನಾಲಿಗೆ ಹರಿತವಾಯಿತು. ಬೀರಣ್ಣ ಮೆಚ್ಚಿ ತಂದ ಎತ್ತನ್ನು ನೋಡಿ, ಹತ್ತು ಜನರ ಮುಂದೆ “ಇದು ಎತ್ತಲ್ಲಲೇ, ಕತ್ತಿ. ಅದನ್ನ ತಂದ ನೀನೂ ಕತ್ತಿ” ಅಂದುಬಿಟ್ಟ. ಎಲ್ಲರೆದುರು ಕತ್ತೆ ಅನ್ನಿಸಿಕೊಂಡ ಬೀರಣ್ಣ ಮಾತು ಬಿಟ್ಟ.

ಗುರುಬಾಯಿ ಒಂದು ಚರಿಗೆ ಮಜ್ಜಿಗೆ ತೆಗೆದುಕೊಂಡು ಅವರ ಮನೆಗೆ ಹೋದಳು. ಮುಚ್ಚಿಡದೆ ಎಲ್ಲ ಹೇಳಿದಳು. “ಔಷಧ ಇಳಸಾಕತ್ತಾರ, ಅದರ ತ್ರಾಸಿದು. ಮನಸಿನ್ಯಾಗಿನ ಮಾತಲ್ಲಣ್ಣ.” ಬೀರಣ್ಣ ಮಜ್ಜಿಗೆ ಕುಡಿದು ಬಾಯಿ ಒರೆಸಿಕೊಂಡು, “ಖರೇ ಅಂದ್ರ ಎತ್ತು ಜರಾ ಕತ್ತಿ ಹಂಗೇ ಅದಬೇ” ಎಂದ. ನಿಂಬೆವ್ವ ನಕ್ಕದ್ದು ಬೀದಿಗೆ ಕೇಳಿಸಿತು. ಸಂಜೆಗೆ ಅವನೇ ಬಂದು ಬಸವಂತರಾಯನ ಪಕ್ಕದಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡ.

ಅಷ್ಟರಲ್ಲಿ ಹೆರಿಗೆಗೆ ಬಂದಿದ್ದ ಗಂಗಾಬಾಯಿಗೆ ಹೆಣ್ಣುಕೂಸು ಹುಟ್ಟಿತು. ಅದರ ಅಳು ಬಸವಂತರಾಯನ ಕಿವಿಯಲ್ಲಿ ಸೂಜಿ ಚುಚ್ಚಿದಂತೆ ಆಗುತ್ತಿತ್ತು. ಕೊಟ್ಟಿಗೆಗೆ ಹೋಗಿ ಕೂರುತ್ತಿದ್ದ. “ಗುಳಿಗಿ ಪೂರಾ ಬಿಟ್ಟ ಮ್ಯಾಲೇ ಎತಗೋತೇನಿ” ಎಂದ.

“ನಿಮ್ಮ ಹೊಟ್ಟ್ಯಾಗ ಏನದ ಅಂತ ಕೂಸಿಗೇನು ಗೊತ್ತು? ಹಿಡೀರಿ” ಎಂದು ಗುರುಬಾಯಿ ಅದನ್ನು ಅವನ ತೊಡೆಯ ಮೇಲಿಟ್ಟು ನೀರಿಗೆ ಹೋದಳು. ಹಿಂದಿರುಗಿದಾಗ ಅವನು ಕೂಸಿನ ಬಾಯಿ ಬಿಡಿಸಿ ಒಸಡು ನೋಡುತ್ತಿದ್ದ. ಅಂದಿನಿಂದ ನಸುಕಿನಲ್ಲಿ ನಿದ್ದೆ ಬಾರದ ಇಬ್ಬರೂ ಅಂಗಳದಲ್ಲಿ ತಿರುಗಾಡತೊಡಗಿದರು. ಮಗಳು ನಿಶ್ಚಿಂತೆಯಿಂದ ಮಲಗುತ್ತಿದ್ದಳು.

ಕೊನೆಯ ಗುಳಿಗೆಯೇ ಎಲ್ಲಕ್ಕಿಂತ ಹಟಮಾರಿಯಾಯಿತು. ಅದರ ಬದಲು ಸಣ್ಣ ಗುಳಿಗೆಗಳನ್ನು ಡಾಕ್ಟರು ಬರೆದುಕೊಟ್ಟರು. ಆಳಂದದ ಔಷಧ ಅಂಗಡಿಯ ಗೌಸಮೊಹಿದ್ದೀನ ಅವನ್ನು ಸೊಲ್ಲಾಪುರದಿಂದ ತರಿಸಿಕೊಟ್ಟ. ಇಳಿಯುತ್ತ ಇಳಿಯುತ್ತ ಒಂದೇ ಸಣ್ಣ ಗುಳಿಗೆ ಉಳಿಯಿತು. ಅದನ್ನೂ ಬಿಟ್ಟ ಮಳೆಗಾಲದಲ್ಲಿ ಮತ್ತೆ ಬೆವರು, ಮತ್ತೆ ಕನಸು. ರೇಡಿಯೋದಲ್ಲಿ ಪೇಟೆ ಧಾರಣೆ ಓದುವುದನ್ನು ಕೇಳಿಯೂ ಕಣ್ಣೀರು. ಗುರುಬಾಯಿ ತಡಮಾಡದೆ ಕಲಬುರಗಿಗೆ ಕರೆದೊಯ್ದಳು. “ತಿರುಗಿ ಶುರು ಮಾಡ್ರಿ, ಮೈ ತಣ್ಣಗಾದ ಮ್ಯಾಲ ಅರ್ಧಕ್ಕ ಇಳೀರಿ. ಹಿಂದ ಸರದ್ರ ಸೋತಂಗಲ್ಲ” ಎಂದರು ಡಾಕ್ಟರು.

ಅರ್ಧ ಮಾಡುವುದು ಹೇಗೆ? ಗುಳಿಗೆ ತೊಗರಿ ಕಾಳಿಗಿಂತ ಚಿಕ್ಕದು, ಮೇಲೆ ನುಣುಪು. ಗುರುಬಾಯಿ ಅಡಕತ್ತರಿ ತಂದಳು. ಒತ್ತಿದೊಡನೆ ಒಂದು ಹೋಳು ಟಕ್ಕನೆ ಹಾರಿ ಅಂಗಳಕ್ಕೆ ಬಿತ್ತು. ಅಲ್ಲಿ ಮೇಯುತ್ತಿದ್ದ ನಿಂಬೆವ್ವನ ಕೋಳಿ ಕತ್ತು ಚಾಚಿ ಅದನ್ನು ನುಂಗಿಯೇಬಿಟ್ಟಿತು.

ಇಬ್ಬರೂ ಕೋಳಿಯನ್ನೇ ನೋಡಿದರು. ಕೋಳಿಯೂ ಅವರನ್ನು ನೋಡಿತು.

“ಇನ್ನ ಅದಕ್ಕೂ ಹಗೂರಕ ಬಿಡಸಬೇಕಾತು” ಎಂದ ಬಸವಂತರಾಯ, ಮುಖ ಗಂಭೀರವಾಗಿಟ್ಟುಕೊಂಡು. ಗುರುಬಾಯಿಗೆ ನಗು ತಡೆಯಲಾಗದೆ ಅಡಕತ್ತರಿ ಕೈಯಿಂದ ಜಾರಿತು. ಅವನೂ ನಗತೊಡಗಿದ. ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡು ಕಂಬಕ್ಕೆ ಒರಗಿದ. ಅಷ್ಟು ದಿನಗಳಲ್ಲಿ ಗುರುಬಾಯಿ ಎಂದೂ ಹೆದರಿಕೆಯಿಲ್ಲದೆ ಅವನು ಕಂಬಕ್ಕೆ ಒರಗಿದ್ದನ್ನು ನೋಡಿರಲಿಲ್ಲ. ಮುಂದೆ ಅವಳು ಗುಳಿಗೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡೇ ಕತ್ತರಿಸಿದಳು.

ಆ ಅರ್ಧವೂ ಚಳಿ ಹುಟ್ಟುವ ಹೊತ್ತಿಗೆ ನಿಂತಿತು. ನಿಂತ ಮೇಲೆಯೂ ಎಲ್ಲ ಒಮ್ಮೆಗೇ ಸರಿಹೋಗಲಿಲ್ಲ. ಹದಿನೈದು ದಿನ ಆರಾಮವಾಗಿದ್ದವನು ಇದ್ದಕ್ಕಿದ್ದಂತೆ ಒಂದೆರಡು ದಿನ ತಲೆ ತಿರುಗಿ, ಕಸಿವಿಸಿಗೊಂಡು ಕೂರುತ್ತಿದ್ದ. “ಬಂತಬೇ” ಅನ್ನುತ್ತಿದ್ದ. “ಬರಲಿ, ಹೋಗ್ತದ” ಅನ್ನುತ್ತಿದ್ದಳು ಅವಳು. ಹೋಗುತ್ತಿತ್ತು ಕೂಡ. ಬರುಬರುತ್ತ ಬರುವುದು ಅಪರೂಪವಾಗಿ, ಯಾವಾಗ ನಿಂತಿತೆಂಬುದು ಇಬ್ಬರಿಗೂ ತಿಳಿಯಲೇ ಇಲ್ಲ. ಡಾಕ್ಟರು ಮಾತ್ರ ಇನ್ನೂ ಆಗಾಗ ಬಂದು ಮುಖ ತೋರಿಸಿ ಹೋಗಬೇಕೆಂದಿದ್ದರು.

ಹಾಗೆ ಮುಖ ತೋರಿಸಿ ಬರಲು ಕಲಬುರಗಿಗೆ ಹೊರಟ ಒಂದು ಬೆಳಗ್ಗೆ ಬಸ್ಸು ಕಿಕ್ಕಿರಿದಿತ್ತು. ಕಡಗಂಚಿಯಲ್ಲಿ ಮತ್ತಷ್ಟು ಜನ ಹತ್ತಿದರು. ಒಬ್ಬ ತರುಣ ಪಕ್ಕದ ಸೀಟಿನ ಮೇಲೆ ತನ್ನ ಗಂಟು ಇಟ್ಟುಕೊಂಡು ಕೂತಿದ್ದ, ಗುರುಬಾಯಿ ನಿಂತಿದ್ದಳು. ಬಸವಂತರಾಯನ ದನಿ ಬಸ್ಸಿನ ಆ ತುದಿಯಿಂದ ಈ ತುದಿಗೆ ಮೊಳಗಿತು.

“ಏ ತಮ್ಮಾ, ಗಂಟಿಗೆ ತಿಕೀಟ ತಗಸೀಯೇನು? ಎತ್ತಲೇ ಅದನ್ನ!”

ಕಂಡಕ್ಟರ್ ತಿರುಗಿ ನೋಡಿದ. ತರುಣ ಗಾಬರಿಯಿಂದ ಗಂಟನ್ನು ತೊಡೆಗೇರಿಸಿದ. ಗುರುಬಾಯಿ ಕೂತಳು, ಆದರೆ ಅವಳ ಕಣ್ಣು ಗಂಡನ ಹಣೆಯ ಮೇಲಿತ್ತು. ಬೆವರಿದೆಯೇ? ಅಭ್ಯಾಸವಾಗಿಹೋಗಿತ್ತು ಅವಳಿಗೆ. ಬಸವಂತರಾಯನಿಗೆ ಆ ನೋಟ ಗೊತ್ತು. ಅವಳ ಕಿವಿಯ ಬಳಿ ಬಗ್ಗಿ ಹೇಳಿದ:

“ಹಂಗ ನೋಡಬ್ಯಾಡಬೇ. ಇದು ಗುಳಿಗಿದಲ್ಲ, ನಂದೇ.”

“ಹಂಗಾದ್ರ ಜರಾ ಸಣ್ಣಗ ಒದರ್ರಿ” ಎಂದಳು ಗುರುಬಾಯಿ, ಅವನಿಗೂ ಅರ್ಧ ಜಾಗ ಸಿಗಲೆಂದು ಸರಿದು ಕೂರುತ್ತ.