ನಯನ ಅಳಿಸಿದ ಪದ್ಯ

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನ ಕಡೆ ಒಂದು ಮದುವೆ ಛತ್ರ. ಅದರ ಹಿಂದೆ ಹಳ್ಳ. ಮಿಕ್ಕ ಅನ್ನವನ್ನು ಪ್ಲಾಸ್ಟಿಕ್ ಕವರಿಗೆ ಕಟ್ಟಿ ಅಲ್ಲಿಗೆ ಎಸೆಯುವುದು ಛತ್ರದವರ ರೂಢಿಯಾಗಿತ್ತು. ಊರಿನ ಕುರಿಗಳು ಅಲ್ಲಿಗೇ ನುಗ್ಗುತ್ತಿದ್ದವು.

ಅಲ್ಲಿನ ಶಾಲೆಯಲ್ಲಿ ಕನ್ನಡ ಕಲಿಸುವ ಮಿಸ್ಬಾ ಟೀಚರ್ ಪರಿಸರ ದಿನಕ್ಕೆಂದು ಮಕ್ಕಳಿಂದ ಪದ್ಯ ಬರೆಸಿದರು. ಏಳನೇ ತರಗತಿಯ ನಯನ ಬರೆದದ್ದು ಮೂರೇ ಸಾಲು:

ಮದುವೆ ಮುಗೀತು, ಅನ್ನ ಮಿಕ್ತು,
ಕವರಲ್ಲಿ ಕಟ್ಟಿ ಎಸೆದ್ರು.
ನಮ್ಮ ಕುರಿಗೆ ಗಂಟು ಬಿಚ್ಚೋಕೆ ಬರಲ್ಲ.

ಮಿಸ್ಬಾ ನಕ್ಕುಬಿಟ್ಟರು. "ಇದು ದೂರು ಕಣಮ್ಮ, ಪದ್ಯ ಅಲ್ಲ. ಹೂವು, ಹಕ್ಕಿ ಇಟ್ಕೊಂಡು ಚೆನ್ನಾಗಿ ಬರಿ."

ನಯನ ರಬ್ಬರಿನಿಂದ ಉಜ್ಜಿ ಅಳಿಸಿ, ಕೋಗಿಲೆಯ ಮೇಲೆ ಬರೆದುಕೊಟ್ಟಳು. ಪರಿಸರ ದಿನದ ಸಭೆಯಲ್ಲಿ ಅದನ್ನು ಓದಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಛತ್ರದವರಿಗೆ ಯಾರೂ ಏನೂ ಹೇಳಲಿಲ್ಲ.

ಆಷಾಢ ಕಳೆದು ಮದುವೆಗಳು ಮತ್ತೆ ಶುರುವಾದವು. ನಯನಳ ತಾತ ಮಂಚಯ್ಯನ ಗಬ್ಬದ ಕುರಿ ಕೆಂಚಿ ಮೇವು ಬಿಟ್ಟು, ಹೊಟ್ಟೆ ಉಬ್ಬಿ ಸತ್ತಿತು. ಪಶು ಡಾಕ್ಟರು ಹೊಟ್ಟೆ ಕೊಯ್ದರೆ ಒಳಗೆ ಕವರಿನ ಮುದ್ದೆ.

ನಯನ ಶಾಲೆಗೆ ಬಾರದಿದ್ದಾಗ ಮಿಸ್ಬಾ ಅವಳ ಮನೆಗೇ ಹೋದರು. ವಿಷಯ ತಿಳಿದು ಜಗಲಿಯ ಮೇಲೆ ಅವಳ ಪಕ್ಕ ಕೂತರು.

"ಅವತ್ತೇ ನಿನ್ನ ಪದ್ಯ ಛತ್ರದವರ ಮುಂದೆ ಓದಿಸ್ಬೇಕಿತ್ತು. ತಪ್ಪಾಯ್ತು ನಯನ. ಈಗ ಓದ್ತೀಯಾ?"

"ಪದ್ಯ ಅಲ್ಲ ಅಂತ ನೀವೇ ಅಂದ್ರಲ್ಲ ಮಿಸ್. ಅಳಿಸ್ಬುಟ್ಟೆ."

ಮಂಚಯ್ಯ ಒಳಗಿನಿಂದ ಬಂದ. "ಪದ್ಯ ಓದುದ್ರೆ ನಮ್ ಕುರಿ ಎದ್ಬತ್ತದಾ ಮೇಡಂ?"

"ಇಲ್ಲ ತಾತ. ಆದ್ರೆ ಕೊಟ್ಟಿಗೇಲಿ ಇನ್ನೂ ಕುರಿಗಳಿವೆ."

ಮುದುಕ ಕೊಟ್ಟಿಗೆಯ ಕಡೆ ನೋಡಿದ. "ದೊಡ್ಡೋರು ಮಕ್ಳ ಮಾತು ಎಲ್ ಕೇಳ್ತಾರೆ? ಏನಾರ ಮಾಡ್ಕಳಿ."

ಮರುದಿನ ಮಿಸ್ಬಾ ಮಕ್ಕಳನ್ನು ಹಳ್ಳದ ಹತ್ತಿರ ಕರೆದೊಯ್ದರು. "ಕಣ್ಣಿಗೆ ಕಂಡದ್ದು, ಮೂಗಿಗೆ ಬಡಿದದ್ದು ಬರೀರಿ. ಯಾರು ಕೇಳಬೇಕೋ ಅವರಿಗೇ ಹೇಳೋ ಹಾಗೆ ಬರೀರಿ," ಎಂದರು. ನಯನಳೂ ಬರೆದಳು.

ಅಲ್ಲಿಂದ ನೇರ ಛತ್ರಕ್ಕೆ. ಮ್ಯಾನೇಜರ್ ಚಲುವಯ್ಯ ಮಾರನೇ ದಿನದ ಮದುವೆಗೆ ಆಳುಗಳಿಂದ ತರಕಾರಿ ಹೆಚ್ಚಿಸುತ್ತಿದ್ದರು. ನಯನ ಅವರ ಎದುರು ನಿಂತು ಓದಿದಳು:

ಕೆಂಚಿ ಹೊಟ್ಟೇಲಿ ಮರಿ ಇತ್ತು,
ಪಕ್ಕದಲ್ಲಿ ನಿಮ್ಮ ಕವರಿತ್ತು.
ಮರಿಗೆ ಜಾಗ ಸಾಲಲಿಲ್ಲ.

ಹೆಚ್ಚುತ್ತಿದ್ದ ಕೈಗಳು ನಿಂತವು. "ಅಯ್ಯೋ, ಕುರಿ ತಿಂದ್ಕತವೆ, ಪುಣ್ಯ ಬತ್ತದೆ ಅಂತ ಎಸೀತಿದ್ವಲ್ಲವ್ವ!" ಎಂದರು ಚಲುವಯ್ಯ. "ಕವರ್‌ನೂ ನುಂಗ್ತವೆ ಅಂತ ಹೊಳೀಲೇ ಇಲ್ಲ."

ಸಂಜೆಯೊಳಗೆ ಛತ್ರದ ಅಡುಗೆಮನೆ ಬಾಗಿಲಿಗೆ ಎರಡು ಡ್ರಮ್ ಬಂದವು. ಪ್ಲಾಸ್ಟಿಕ್ಕಿಗೆ ಒಂದು, ಮಿಕ್ಕ ಊಟಕ್ಕೆ ಒಂದು. ಊಟ ಗೊಬ್ಬರದ ಗುಂಡಿಗೆ ಹೋಗತೊಡಗಿತು. ಈಗ ಮದುವೆ ಇದ್ದಾಗಲೆಲ್ಲ ಮಂಚಯ್ಯನೇ ಬಾಗಿಲಲ್ಲಿ ನಿಂತು, "ಕವರು ಎಸೀಬ್ಯಾಡಿ ಕಣ್ರಪ್ಪ. ನಯನ, ಒಸಿ ಆ ಪದ್ಯ ಹೇಳವ್ವ," ಎನ್ನುತ್ತಾನೆ. ಕೇಳಿದವರೆಲ್ಲ ಹುಡುಗಿಯನ್ನು ಹೊಗಳುತ್ತಾರೆ. ಮಿಸ್ಬಾಗೆ ಮಾತ್ರ, ಮೊದಲನೆಯದನ್ನೇ ಅವತ್ತು ಓದಿಸಿದ್ದರೆ ಅವಳು ಈ ಪದ್ಯ ಬರೆಯಬೇಕಾಗಿಯೇ ಬರುತ್ತಿರಲಿಲ್ಲ ಎನ್ನಿಸುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ಮೇಷ್ಟ್ರುಗಳೇ, ನಿಮ್ಮ ಮಗು ಕೆರೆಯನ್ನೋ ಚರಂಡಿಯನ್ನೋ ಕಂಡಂತೆ ಬರೆದರೆ ಅದನ್ನು ತಿದ್ದಿ ಚಂದ ಮಾಡಲು ಹೋಗಬೇಡಿ. ಕೇಳಬೇಕಾದವರ ಎದುರು ಓದಿಸಿ. ಇವತ್ತೇ ಓದಿಸಿ.